ವಿಮಾನ ಕಟ್ಟುವವನ ಡ್ರಿಲ್ಲಿಂಗ್ ಮೆಷಿನ್

"ನೀನು ಸೈನ್ಸ್ ಮೇಷ್ಟ್ರಲ್ಲವೇನೋ? ಒಂದು ಸಲ ಹೋಗಿ ನೋಡಿಕೊಂಡು ಬಂದು ಹೇಳು. ಅದರೊಳಗೆ ಮನುಷ್ಯರು ಕೂರಬಹುದೋ ಇಲ್ಲವೋ."

ನನ್ನ ಅಕ್ಕ ಹೀಗೆ ಅಪ್ಪಣೆ ಕೊಟ್ಟಿದ್ದು 2023ರ ಯುಗಾದಿಯ ದಿನ, ನನ್ನ ಎಲೆಗೆ ಹೋಳಿಗೆ ಹಾಕುತ್ತಾ. ಅವಳ ಮಗ ಅಮೆರಿಕದ ಸಿಯಾಟಲ್ ಹತ್ತಿರದ ಒಂದು ಊರಿನಲ್ಲಿದ್ದಾನೆ. ಹಗಲು ಸಾಫ್ಟ್‌ವೇರ್ ಕೆಲಸ. ಸಂಜೆ ಮತ್ತು ಶನಿವಾರ, ಭಾನುವಾರಗಳಲ್ಲಿ ಮನೆಯ ಕಾರ್ ಷೆಡ್ಡಿನಲ್ಲಿ ವಿಮಾನ ಕಟ್ಟುವ ಕೆಲಸ! ಆಟದ ವಿಮಾನವಲ್ಲ. ಇಬ್ಬರು ಕೂತು ಹೋಗುವಂಥ ನಿಜವಾದ ವಿಮಾನ. ಮೊಬೈಲಿನಲ್ಲಿ ಅವನು ತೋರಿಸಿದ ರೆಕ್ಕೆಯನ್ನು ನೋಡಿದಂದಿನಿಂದ ಅಕ್ಕನಿಗೆ ನಿದ್ದೆ ಇಲ್ಲ. "ತಗಡು ಕಣೋ, ಬರೀ ತಗಡು. ನಮ್ಮ ಹಿಟ್ಟಿನ ಡಬ್ಬ ಇದಕ್ಕಿಂತ ಗಟ್ಟಿ ಇದೆ" ಎನ್ನುತ್ತಿದ್ದಳು.

ಬೇಸಿಗೆ ರಜಕ್ಕೆ ಅಳಿಯನೇ ಟಿಕೆಟ್ ಕಳಿಸಿದ. ಕೊಳಾಲದಿಂದ ಹೊರಟು ಸಿಯಾಟಲ್ ಸೇರುವ ಹೊತ್ತಿಗೆ ಕಾಲು ಊದಿದ್ದನ್ನೂ ಊಟ ಸೇರದಿದ್ದನ್ನೂ ಇಲ್ಲಿ ಬರೆಯುವುದಿಲ್ಲ. ಅದನ್ನು ಬರೆಯುವವರು ಬೇಕಾದಷ್ಟು ಮಂದಿ ಇದ್ದಾರೆ. ಆದರೆ ನನ್ನ ಸೂಟ್‌ಕೇಸಿನಲ್ಲಿ ಚಟ್ನಿಪುಡಿ, ಹುರಿಹಿಟ್ಟಿನ ಜೊತೆ ಒಂದು ಹಳೆಯ ಸ್ಕ್ರೂಡ್ರೈವರ್ ಇತ್ತು. ಅದರ ಕಥೆಯನ್ನು ಹೇಳಲೇಬೇಕು.

1998ರಲ್ಲಿ ಈ ಹುಡುಗನಿಗೆ ಹತ್ತು ವರ್ಷ. ಒಂದು ಮಧ್ಯಾಹ್ನ ಅಕ್ಕನ ಮನೆಯ ಮಿಕ್ಸಿಯನ್ನು ಬಿಚ್ಚಿ, ಮೋಟಾರಿನ ಸುರುಳಿ, ಕಾರ್ಬನ್ ಬ್ರಷ್ಷು, ಸ್ಪ್ರಿಂಗು ಎಲ್ಲವನ್ನೂ ಚಾಪೆಯ ಮೇಲೆ ಸಾಲಾಗಿ ಜೋಡಿಸಿಟ್ಟು ನೋಡುತ್ತಾ ಕೂತಿದ್ದ. ನಾನು ಆಗ ಬಿ.ಎಸ್ಸಿ., ಬಿ.ಎಡ್. ಮುಗಿಸಿ ಹೊಸದಾಗಿ ಕೆಲಸಕ್ಕೆ ಸೇರಿದ್ದವನು. ಮಕ್ಕಳನ್ನು ತಿದ್ದುವ ಹುರುಪು ಬಹಳ ಇತ್ತು. ಎರಡು ಏಟು ಕೊಟ್ಟು, ಸ್ಕ್ರೂಡ್ರೈವರ್ ಕಿತ್ತುಕೊಂಡು, "ಮೊದಲು ಲೆಕ್ಕ ಕಲಿ. ರಿಪೇರಿ ಮಾಡೋಕೆ ಬೇರೆ ಜನ ಇದ್ದಾರೆ" ಎಂದೆ. ಅವನು ಲೆಕ್ಕ ಕಲಿತ. ಸ್ಕ್ರೂಡ್ರೈವರ್ ನನ್ನ ಟ್ರಂಕಿನಲ್ಲೇ ಉಳಿಯಿತು. ತರಗತಿಯಲ್ಲಿ ಮೋಟಾರಿನ ಪಾಠ ಮಾಡುವಾಗಲೆಲ್ಲ ಆ ಚಾಪೆ ನನಗೆ ನೆನಪಾಗುತ್ತಿತ್ತು. ಯಾವ ಪಠ್ಯಪುಸ್ತಕದ ಚಿತ್ರವೂ ಅಷ್ಟು ಚೆನ್ನಾಗಿರಲಿಲ್ಲ.

ಇಪ್ಪತ್ತೈದು ವರ್ಷಗಳ ಮೇಲೆ ಅದನ್ನು ಅವನ ಕೈಗಿಟ್ಟಾಗ ಅವನು ಬಹಳ ಹೊತ್ತು ನಕ್ಕ. ಆಮೇಲೆ ತುದಿಯನ್ನು ದೀಪಕ್ಕೆ ಹಿಡಿದು ನೋಡಿ, "ಇದರ ಮೂತಿ ಸವೆದಿದೆ ಮಾವ. ಜಾರಿ ತಗಡಿನ ಮೇಲೆ ಗೀರಿದರೆ ಕೆಟ್ಟಿತು. ಇದನ್ನ ವಿಮಾನದ ಹತ್ತಿರ ತರೋ ಹಾಗಿಲ್ಲ" ಎಂದು ಗೋಡೆಯ ಮೇಲೆ ಬೇರೆಯೇ ಒಂದು ಮೊಳೆಗೆ ತೂಗುಹಾಕಿದ. ಆ ಷೆಡ್ಡಿನಲ್ಲಿ ನಾನು ಕಲಿತ ಮೊದಲನೆಯ ಪಾಠ ಅದು.

ಮನೆಯಲ್ಲಿ ವಿಮಾನ ಕಟ್ಟುವುದೆಂದರೆ ನಮ್ಮ ಕಡೆ ನಗುತ್ತಾರೆ. ಅಮೆರಿಕದಲ್ಲಿ ಅದು ಹಳೆಯ ಹವ್ಯಾಸ. ಇಂಥವರಿಗಾಗಿಯೇ 1953ರಲ್ಲಿ ಪಾಲ್ ಪೊಬೆರೆಜ್ನಿ ಎಂಬಾತ ಮಿಲ್‌ವಾಕಿಯಲ್ಲಿ ಒಂದು ಸಂಘ ಕಟ್ಟಿದ. ಇ.ಎ.ಎ. ಎಂಬ ಆ ಸಂಘ ಪ್ರತಿ ಬೇಸಿಗೆಯಲ್ಲಿ ಆಷ್‌ಕಾಷ್ ಎಂಬ ಊರಿನಲ್ಲಿ ದೊಡ್ಡ ಜಾತ್ರೆಯನ್ನೇ ನಡೆಸುತ್ತದೆ. ಅಲ್ಲಿನ ಕಾನೂನಿನ ಪ್ರಕಾರ ವಿಮಾನದ ಅರ್ಧಕ್ಕಿಂತ ಹೆಚ್ಚು ಕೆಲಸವನ್ನು ಕಲಿಯಲೆಂದೋ ಹವ್ಯಾಸಕ್ಕೆಂದೋ ಸ್ವಂತ ಕೈಯಿಂದ ಮಾಡಿದ್ದರೆ, ಪರೀಕ್ಷೆಯ ನಂತರ ಹಾರಲು ಒಪ್ಪಿಗೆ ಸಿಗುತ್ತದೆ. ನಮ್ಮ ದೇಶದಲ್ಲೂ ಛಲಗಾರರಿಲ್ಲದೆ ಇಲ್ಲ. ಪೈಲಟ್ ಅಮೋಲ್ ಯಾದವ್ ಮುಂಬಯಿಯ ಕಾಂದಿವಲಿಯಲ್ಲಿ ತಮ್ಮ ಮನೆಯ ತಾರಸಿಯ ಮೇಲೆ ಆರು ಸೀಟಿನ ವಿಮಾನ ಕಟ್ಟಿ 2016ರ 'ಮೇಕ್ ಇನ್ ಇಂಡಿಯಾ' ಪ್ರದರ್ಶನದಲ್ಲಿ ಇಟ್ಟರು. ಅದಕ್ಕೆ ನೋಂದಣಿ ಸಿಕ್ಕಿದ್ದು 2017ರಲ್ಲಿ.

ಬೆಂಗಳೂರಿನದಂತೂ ಇನ್ನೂ ಸ್ವಾರಸ್ಯ. ಅಲ್ಲಿನ ಎನ್‌ಎಎಲ್ ಪ್ರಯೋಗಾಲಯದವರು 1987ರಲ್ಲಿ ಒಂದು ಪುಟ್ಟ ವಿಮಾನವನ್ನು ಹಾರಿಸಿದರು. ಅದಕ್ಕೆ ಆಧಾರವಾಗಿದ್ದದ್ದು ಅಮೆರಿಕದ ಬರ್ಟ್ ರುಟಾನ್ ಮನೆಯಲ್ಲಿ ಕಟ್ಟುವವರಿಗೆಂದೇ ರೂಪಿಸಿದ್ದ 'ಲಾಂಗ್ ಈಜಿ' ವಿಮಾನ. ಗಾಜಿನ ನಾರು ಮತ್ತು ರಾಳದ ಆ ಕೆಲಸದಲ್ಲಿ ಕೈ ಪಳಗಿಸಿಕೊಂಡ ಪ್ರಯೋಗಾಲಯದಿಂದಲೇ 1993ರಲ್ಲಿ 'ಹಂಸ' ಹಾರಿತು. ಬೆಂಗಳೂರಿನ ರಾಜಹಂಸ ಅಲ್ಟ್ರಾಲೈಟ್ಸ್ ಕಂಪನಿ 'ಎಕ್ಸ್-ಏರ್' ಎಂಬ ಹಗುರ ವಿಮಾನದ ಬಿಡಿಭಾಗಗಳನ್ನು ಮಾಡಿ ಹೊರದೇಶಕ್ಕೆ ಕಳಿಸಿತು. ಇಂಗ್ಲೆಂಡಿನ ಹವ್ಯಾಸಿಗಳು ತಮ್ಮ ಷೆಡ್ಡುಗಳಲ್ಲಿ ಅವನ್ನು ಜೋಡಿಸಿಕೊಂಡು ಹಾರಿದರು. ನಾವು ಇಲ್ಲಿ ನಗುತ್ತಿರುವಾಗ ನಮ್ಮ ರಾಜಧಾನಿಯ ಸಾಮಾನು ಅಲ್ಲಿ ವಿಮಾನವಾಗುತ್ತಿತ್ತು!

ಇದನ್ನೆಲ್ಲ ಹೇಳಿದ್ದಕ್ಕೆ ಕಾರಣವಿದೆ. ಯಾವ ಉಪಕರಣ ಕೊಳ್ಳಬೇಕು ಎಂಬ ಪ್ರಶ್ನೆಗೆ ಮುಂಚೆ ಯಾವುದರಿಂದ ಕಟ್ಟುತ್ತೇವೆ ಎಂಬ ಪ್ರಶ್ನೆ ಇದೆ. ರುಟಾನ್ ದಾರಿಯಲ್ಲಿ ಹೋದರೆ ಗಟ್ಟಿ ಫೋಮನ್ನು ಕಾದ ತಂತಿಯಿಂದ ಕತ್ತರಿಸಬೇಕು. ಶಾಲೆಯ ವಸ್ತುಪ್ರದರ್ಶನಕ್ಕೆ ನಾವು ನೈಕ್ರೋಮ್ ತಂತಿ ಕಾಯಿಸಿ ಥರ್ಮೋಕೋಲ್ ಕತ್ತರಿಸುತ್ತೇವಲ್ಲ, ಅದೇ. ಮೇಲೆ ಗಾಜಿನ ಬಟ್ಟೆ ಹೊದಿಸಿ ರಾಳ ಸವರಬೇಕು. ಅಲ್ಲಿ ಒಳ್ಳೆಯ ಕತ್ತರಿಗೂ ತಕ್ಕಡಿಗೂ ಇರುವ ಬೆಲೆ ಮೋಟಾರುಗಳಿಗಿಲ್ಲ. ಮರದಿಂದ ಕಟ್ಟುವವರಿಗೆ ಗರಗಸ, ಅಂಟು, ಮರಗೆಲಸದ ಕೈ. ನನ್ನ ಅಳಿಯ ಆರಿಸಿಕೊಂಡದ್ದು ಅಲ್ಯೂಮಿನಿಯಂ. ಅಲ್ಯೂಮಿನಿಯಂ ಎಂದರೆ ರಿವಿಟ್, ರಿವಿಟ್ ಎಂದರೆ ತೂತು. ಅಂಥ ವಿಮಾನದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ರಿವಿಟ್‌ಗಳಿರುತ್ತವೆ.

ಷೆಡ್ಡಿನ ಬಾಗಿಲು ಎತ್ತಿದಾಗ ನನಗೆ ನಿರಾಶೆಯಾಯಿತು ಎಂದರೆ ನಂಬುತ್ತೀರಾ? ದೊಡ್ಡ ಯಂತ್ರಗಳು ಸಾಲಾಗಿ ನಿಂತಿರುತ್ತವೆ ಎಂದುಕೊಂಡಿದ್ದೆ. ಇದ್ದದ್ದು ಎರಡು ಮರದ ಮೇಜು, ಒಂದು ಪುಟ್ಟ ಬ್ಯಾಂಡ್ ಸಾ, ನಿಲ್ಲಿಸಿದ ಒಂದು ಡ್ರಿಲ್ಲು, ಮೂಲೆಯಲ್ಲಿ ಗಾಳಿಯ ಕಂಪ್ರೆಸರ್, ಗೋಡೆಯ ತುಂಬ ಕೈ ಸಾಮಾನು. ನಮ್ಮೂರಿನಲ್ಲಿ ಗೇಟು, ಗ್ರಿಲ್ಲು ಮಾಡುವವರ ಅಂಗಡಿಯಲ್ಲಿ ಇದಕ್ಕಿಂತ ಹೆಚ್ಚು ಸದ್ದು ಮಾಡುವ ಮೆಷಿನ್ನುಗಳಿವೆ. "ಗ್ರೈಂಡರ್ ಎಲ್ಲಿ?" ಎಂದೆ. ನಮ್ಮ ಕಡೆ ಕಬ್ಬಿಣದ ಕೆಲಸವೆಂದರೆ ಮೊದಲು ಕೊಳ್ಳುವುದು ಕೈಯಲ್ಲಿ ಹಿಡಿಯುವ ಆ ಗ್ರೈಂಡರನ್ನೇ. ಅವನು ತಲೆಯಾಡಿಸಿದ. ಅಲ್ಯೂಮಿನಿಯಂ ಮೆತುವಾದ ಲೋಹ. ಕಬ್ಬಿಣ ಉಜ್ಜುವ ಕಲ್ಲಿಗೆ ಕೊಟ್ಟರೆ ಅದು ಕಲ್ಲಿನ ಸಂದುಗಳಲ್ಲಿ ಮೆತ್ತಿಕೊಳ್ಳುತ್ತದೆ. ಮೆತ್ತಿಕೊಂಡ ಕಲ್ಲು ಕತ್ತರಿಸುವುದಿಲ್ಲ, ಕಾಯುತ್ತದೆ. ಕಾದು ಒಡೆದರೆ ಚೂರುಗಳು ಗುಂಡಿನಂತೆ ಹಾರುತ್ತವೆ. ಬೆಂಚಿಗೆ ಬಿಗಿದ ಅವನ ಗ್ರೈಂಡರಿನಲ್ಲಿ ಕಲ್ಲಿನ ಬದಲು ಪಾತ್ರೆ ತಿಕ್ಕುವ ಹಸಿರು ನಾರಿನಂಥದೇ ಒಂದು ಚಕ್ರವಿತ್ತು. ಅದು ಅಂಚನ್ನು ನುಣುಪು ಮಾಡುತ್ತದೆ, ಅಷ್ಟೆ.

ಡ್ರಿಲ್ಲಿನ ವಿಷಯದಲ್ಲಿ ನನಗೂ ಅವನಿಗೂ ಒಂದು ಸಣ್ಣ ವಾದವೇ ನಡೆಯಿತು. ನಾನು ಡ್ರಿಲ್ಲನ್ನು ವ್ಯಾಟಿನಲ್ಲಿ ಅಳೆಯುವವನು. ಹೆಚ್ಚು ವ್ಯಾಟ್ ಎಂದರೆ ಒಳ್ಳೆಯ ಮೆಷಿನ್ನು, ಗೋಡೆಗೂ ಆಯಿತು, ಮರಕ್ಕೂ ಆಯಿತು. ಅವನೂ ಮೊದಲು ಹಾಗೆಯೇ ಅಂದುಕೊಂಡು ರಿಯಾಯಿತಿಯಲ್ಲಿ ಒಂದು ದೊಡ್ಡ ಸೆಟ್ ಕೊಂಡಿದ್ದನಂತೆ. ಅದು ಅಟ್ಟ ಸೇರಿತ್ತು. ಅವನು ಕೈಗೆ ಕೊಟ್ಟ ಗಾಳಿಯ ಡ್ರಿಲ್ಲು ನಮ್ಮ ಹ್ಯಾಮರ್ ಡ್ರಿಲ್ಲಿನ ಅರ್ಧ ತೂಕವೂ ಇರಲಿಲ್ಲ. "ಇಲ್ಲಿ ಕೊರೆಯೋ ತೂತು ಎರಡೂವರೆ ಮಿಲಿಮೀಟರು, ಮೂರೂಕಾಲು ಮಿಲಿಮೀಟರು, ಅಷ್ಟೇ ಮಾವ. ಅದಕ್ಕೆ ಶಕ್ತಿ ಯಾಕೆ? ವೇಗ ಬೇಕು, ಅಲ್ಲಾಡಬಾರದು."

ವಿದ್ಯಾರ್ಥಿಗಳು ಇದನ್ನು ಲೆಕ್ಕ ಹಾಕಿ ನೋಡಬಹುದು. ಬಿಟ್ಟಿನ ಅಂಚು ಲೋಹದ ಮೇಲೆ ಎಷ್ಟು ವೇಗವಾಗಿ ಉಜ್ಜುತ್ತದೆ ಎಂಬುದು ಅದರ ಸುತ್ತಳತೆಯನ್ನು ಸುತ್ತುಗಳ ಸಂಖ್ಯೆಯಿಂದ ಗುಣಿಸಿದಷ್ಟು. ನಿಮಿಷಕ್ಕೆ 3000 ಸುತ್ತು ತಿರುಗುವ 2.5 ಮಿ.ಮೀ. ಬಿಟ್ಟಿನ ಅಂಚು ನಿಮಿಷಕ್ಕೆ ಸುಮಾರು 23.5 ಮೀಟರ್ ಓಡುತ್ತದೆ. ಅಷ್ಟೇ ಸುತ್ತಿನಲ್ಲಿ 13 ಮಿ.ಮೀ. ಬಿಟ್ಟು 122 ಮೀಟರಿಗೂ ಹೆಚ್ಚು ಓಡುತ್ತದೆ. ಆದ್ದರಿಂದ ಸಣ್ಣ ಬಿಟ್ಟಿಗೆ ಹೆಚ್ಚು ಸುತ್ತು, ದಪ್ಪ ಬಿಟ್ಟಿಗೆ ಕಡಿಮೆ ಸುತ್ತು. ಸಣ್ಣ ಬಿಟ್ಟನ್ನು ನಿಧಾನವಾಗಿ ತಿರುಗಿಸಿ ಮೇಲಿಂದ ಒತ್ತಿದರೆ ಅದು ಕತ್ತರಿಸದೆ ದಾರಿ ತಪ್ಪಿ ಓಡಾಡುತ್ತದೆ. ನಮ್ಮಲ್ಲಿ ಬಹಳ ಮಂದಿ ಮಾಡುವ ತಪ್ಪು ಇದೇ. ನಾನೂ ಮೂವತ್ತು ವರ್ಷ ಮಾಡಿದ್ದೆ.

ಅಲ್ಲಾಡುವುದನ್ನು ಪರೀಕ್ಷಿಸುವ ಬಗೆಯನ್ನೂ ಅವನೇ ತೋರಿಸಿದ. ಅಂಗಡಿಯಲ್ಲಿ ಮೆಷಿನ್ನು ಕೊಳ್ಳುವಾಗ ಹೊಸ, ನೆಟ್ಟಗಿರುವ ಬಿಟ್ಟೊಂದನ್ನು ಚಕ್ಕಿಗೆ ಸಿಕ್ಕಿಸಿ ನಿಧಾನವಾಗಿ ತಿರುಗಿಸಿ, ತುದಿಯನ್ನೇ ನೋಡಬೇಕು. ತುದಿ ಒಂದೇ ಕಡೆ ನಿಂತಂತೆ ಕಂಡರೆ ಸರಿ. ಸಣ್ಣ ವೃತ್ತ ಬರೆಯುತ್ತಿದ್ದರೆ ಆ ಮೆಷಿನ್ನು ತೂತನ್ನು ದುಂಡಗೆ ಕೊರೆಯುವುದಿಲ್ಲ. ಡಬ್ಬದ ಮೇಲೆ ಎಷ್ಟು ವ್ಯಾಟ್ ಬರೆದಿದ್ದರೂ ಅಷ್ಟೇ. ಇದಕ್ಕೆ ಖರ್ಚಿಲ್ಲ, ಅಂಗಡಿಯವನ ಮುಖ ಗಂಟಾಗುವುದೊಂದನ್ನು ಬಿಟ್ಟರೆ.

ತೂತು ಕೊರೆದ ಮೇಲೆ ಕೆಲಸ ಮುಗಿಯಿತು ಎಂದುಕೊಂಡೆ. ಅಲ್ಲಿಂದಲೇ ಶುರು! ಕೊರೆದ ತೂತಿನ ಬಾಯಿಯಲ್ಲಿ ಬೆರಳಿಗೆ ತಾಗುವಂಥ ಚೂಪು ಅಂಚು ಎದ್ದಿರುತ್ತದೆ. ಅದನ್ನು ಬರ್ ಎನ್ನುತ್ತಾರೆ. ಅದನ್ನು ತೆಗೆಯಲು ಮೋಟಾರಿಲ್ಲದ ಒಂದು ಪುಟ್ಟ ಹಿಡಿಕೆ. ತೂತಿನ ಮೇಲಿಟ್ಟು ಬೆರಳಿನಲ್ಲಿ ಒಂದೆರಡು ಸುತ್ತು ತಿರುಗಿಸಬೇಕು. ಕಡಿಮೆಯಾದರೆ ಅಂಚು ಉಳಿಯುತ್ತದೆ, ಹೆಚ್ಚಾದರೆ ತಗಡು ತೆಳುವಾಗುತ್ತದೆ. ಪ್ರತಿ ತೂತಿಗೂ ಎರಡು ಕಡೆ. ಎರಡು ವಾರ ನನಗೆ ಕೊಟ್ಟ ಕೆಲಸ ಇದೇ. ಡಾ. ರಾಜ್ ಹಾಡುಗಳನ್ನು ಹಾಕಿಕೊಂಡು ಮಾವ, ಅಳಿಯ ಸಾವಿರಾರು ತೂತುಗಳ ಬಾಯಿ ಸವರಿದೆವು.

"ಇಷ್ಟು ಸಣ್ಣ ಅಂಚಿಗೆ ಇಷ್ಟೊಂದು ಒದ್ದಾಟವೇ?" ಎಂದು ಒಂದು ಸಂಜೆ ಬೇಸತ್ತು ಕೇಳಿದೆ. ಕೇಳಿದ ಮೇಲೆ ನನಗೇ ನಾಚಿಕೆಯಾಯಿತು. ಉತ್ತರ ನನಗೆ ಗೊತ್ತಿತ್ತು. ಎಳೆದ ತಗಡಿನಲ್ಲಿ ಒಂದು ದುಂಡು ತೂತಿದ್ದರೆ ಅದರ ಅಂಚಿನಲ್ಲಿ ಒತ್ತಡ ಉಳಿದ ಕಡೆಗಿಂತ ಸುಮಾರು ಮೂರು ಪಟ್ಟು ಏರುತ್ತದೆ. ಅಲ್ಲಿ ಒಂದು ಗೀರೋ ಮುಳ್ಳೋ ಇದ್ದರೆ ಬಿರುಕು ಹುಟ್ಟಲು ಅದೇ ಜಾಗ. 1954ರ ಜನವರಿ 10 ಮತ್ತು ಏಪ್ರಿಲ್ 8ರಂದು ಬ್ರಿಟನ್ನಿನ ಎರಡು ಕಾಮೆಟ್ ಜೆಟ್ ವಿಮಾನಗಳು ಆಕಾಶದಲ್ಲೇ ಒಡೆದು ಸಮುದ್ರಕ್ಕೆ ಬಿದ್ದು 56 ಮಂದಿ ಸತ್ತರು. ಕಾರಣ ಹುಡುಕಲು ಫಾರ್ನ್‌ಬರೋದಲ್ಲಿ ಇನ್ನೊಂದು ಕಾಮೆಟ್ಟನ್ನು ನೀರಿನ ತೊಟ್ಟಿಯೊಳಗಿಟ್ಟು, ಹಾರಾಟದಲ್ಲಿ ಆಗುವಂತೆ ಒತ್ತಡವನ್ನು ಮತ್ತೆ ಮತ್ತೆ ಏರಿಸಿ ಇಳಿಸಿದರು. ಅದೂ ಕೊನೆಗೆ ಸೀಳಿತು. ಕಿಟಕಿಯಂಥ ತೆರವುಗಳ ಮೂಲೆಯಲ್ಲಿ, ರಿವಿಟ್‌ನಂಥ ತೂತುಗಳ ಅಂಚಿನಿಂದ ಲೋಹದ ದಣಿವಿನ ಬಿರುಕು ಹೊರಟಿತ್ತು. ನಾನು ಇದನ್ನು ಹತ್ತನೆಯ ತರಗತಿಗೆ ಎಷ್ಟೋ ಸಲ ಹೇಳಿದ್ದೇನೆ. ಹೇಳುವುದು ಬೇರೆ, ಆ ಬೇಸರದ ಕೆಲಸವನ್ನು ಮೂರು ಸಾವಿರದ ಒಂದನೆಯ ತೂತಿಗೂ ಮೊದಲನೆಯದಕ್ಕೆ ಮಾಡಿದಷ್ಟೇ ಶ್ರದ್ಧೆಯಿಂದ ಮಾಡುವುದು ಬೇರೆ.

ಇನ್ನೊಂದು ಪೆಟ್ಟು ನನ್ನ ಜೇಬಿನಿಂದಲೇ ಬಂತು. ಮೇಷ್ಟ್ರ ಜೇಬಿನಲ್ಲಿ ಪೆನ್ಸಿಲ್ ಇರಲೇಬೇಕಲ್ಲ! ತಗಡಿನ ಮೇಲೆ ಗುರುತು ಹಾಕಲು ಅದನ್ನು ತೆಗೆದದ್ದೇ ತಡ, "ಮಾವಾ!" ಎಂದು ಕೂಗಿ ಅವನು ಕೈ ಹಿಡಿದ. ಪೆನ್ಸಿಲ್ಲಿನದು ಸೀಸವಲ್ಲ, ಗ್ರಾಫೈಟು, ಅಂದರೆ ಕಾರ್ಬನ್. ಅಲ್ಯೂಮಿನಿಯಂ ಮೇಲೆ ಕಾರ್ಬನ್ ಗೆರೆ, ಅದರ ಮೇಲೆ ಗಾಳಿಯ ತೇವ, ಅಲ್ಲಿಗೆ ಒಂದು ಪುಟ್ಟ ವಿದ್ಯುತ್ ಕೋಶವೇ ಸಿದ್ಧ. ವರ್ಷಗಟ್ಟಲೆ ಆ ಗೆರೆಯುದ್ದಕ್ಕೂ ಲೋಹವನ್ನು ತಿನ್ನುತ್ತದೆ. ಕಬ್ಬಿಣ ಉಜ್ಜಿದ ಅರವನ್ನೂ ಅಲ್ಲಿ ಅಲ್ಯೂಮಿನಿಯಂಗೆ ಮುಟ್ಟಿಸುವಂತಿಲ್ಲ. ಎರಡಕ್ಕೂ ಬೇರೆ ಬೇರೆ ಅರ. ಗಾಲ್ವನಿಕ್ ಕೋಶ ಪಾಠ ಮಾಡುವ ನನಗೆ ಇದು ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ರಿವಿಟ್ ಹೊಡೆಯುವುದು ಇಬ್ಬರ ಕೆಲಸ. ಹೊರಗಿನಿಂದ ಒಬ್ಬ ಗಾಳಿಯ ರಿವಿಟ್ ಗನ್ನನ್ನು ತಲೆಗೆ ಹಿಡಿದು ಟರ್ರೆಂದು ಹೊಡೆಯುತ್ತಾನೆ. ಒಳಗಿನಿಂದ ಇನ್ನೊಬ್ಬ ನುಣುಪಾದ ಉಕ್ಕಿನ ಗಟ್ಟಿಯೊಂದನ್ನು ಬಾಲಕ್ಕೆ ಒತ್ತಿ ಹಿಡಿಯುತ್ತಾನೆ. ಆ ಗಟ್ಟಿಗೆ ಬಕಿಂಗ್ ಬಾರ್ ಎಂದು ಹೆಸರು. ಬಾಲ ಚಪ್ಪಟೆಯಾಗಿ ಗುಂಡಿಯಂತೆ ಕೂರುತ್ತದೆ. ಅದು ರಿವಿಟ್‌ನ ದಪ್ಪದ ಒಂದೂವರೆ ಪಟ್ಟು ಅಗಲ, ಅರ್ಧದಷ್ಟು ಎತ್ತರ ಬರಬೇಕು. ಪ್ರತಿಯೊಂದನ್ನೂ ಒಂದು ಸಣ್ಣ ಅಳತೆ ಪಟ್ಟಿಯಿಂದ ನೋಡುತ್ತಿದ್ದ. ಸಣ್ಣ ರಿವಿಟ್‌ಗೆ ಗನ್ನಿನಲ್ಲಿ ಬೇಕಾದ ಒತ್ತಡ ಹೆಚ್ಚುಕಡಿಮೆ ಒಂದು ಕಾರಿನ ಚಕ್ರದೊಳಗೆ ಇರುವಷ್ಟೇ. ಆದರೂ ಮುಚ್ಚಿದ ಷೆಡ್ಡಿನಲ್ಲಿ ಆ ಸದ್ದಿಗೆ ಕಿವಿ ಮುಚ್ಚದೆ ನಿಲ್ಲಲಾಗದು. ಕಣ್ಣಿಗೆ ಕನ್ನಡಕ, ಕಿವಿಗೆ ಮುಚ್ಚಳ ಇಲ್ಲದೆ ಅವನು ಒಳಗೆ ಬಿಡುತ್ತಿರಲಿಲ್ಲ. ಡ್ರಿಲ್ಲು ತಿರುಗುವಾಗ ಮಾತ್ರ ಕೈಗವಸು ತೆಗೆಸುತ್ತಿದ್ದ. ಬಟ್ಟೆ ಬಿಟ್ಟಿಗೆ ಸುತ್ತಿಕೊಂಡರೆ ಬೆರಳನ್ನೂ ಎಳೆದುಕೊಳ್ಳುತ್ತದೆ.

ಇನ್ನು ನನ್ನ ಅಪರಾಧದ ವಿಷಯ. ಹೊರಡಲು ಹತ್ತು ದಿನವಿತ್ತು. ಅವನು ಗನ್ನು, ನಾನು ಬಾರ್. ರೆಕ್ಕೆಯ ಒಳಗೆ ಮೊಣಕೈವರೆಗೆ ಕೈ ತೂರಿಸಿ, ಕಾಣದ ಜಾಗದಲ್ಲಿ ಬೆರಳಿನ ಅಂದಾಜಿನಲ್ಲಿ ಹಿಡಿದಿದ್ದೆ. ಬಾರ್ ಜಾರಿತು. ಬಾಲ ಚಪ್ಪಟೆಯಾಗುವ ಬದಲು ಬಗ್ಗಿ ಮಲಗಿತು. "ಪರವಾಗಿಲ್ಲ, ಕೊರೆದು ತೆಗೆದು ಬೇರೆ ಹಾಕೋಣ" ಎಂದ. ನಾನು ಬಿಡಬೇಕಲ್ಲ! "ಕೊಡು ಇಲ್ಲಿ, ನೀನು ಹುಟ್ಟಿದ ಕಾಲದಿಂದ ನೋಡಿದ್ದೇನೆ ಡ್ರಿಲ್ಲು" ಎಂದು ಅವನ ಕೈಯಿಂದ ಕಿತ್ತುಕೊಂಡೆ. 1998ರಲ್ಲಿ ಸ್ಕ್ರೂಡ್ರೈವರ್ ಕಿತ್ತುಕೊಂಡದ್ದೂ ಇದೇ ಕೈ. ಬಿಟ್ಟು ರಿವಿಟ್‌ನ ನಡುವಿನಿಂದ ಪಕ್ಕಕ್ಕೆ ಸರಿದು, ಒಳಗಿನ ಪಕ್ಕೆಲುಬಿನ ತೂತಿಗೆ ಇನ್ನೊಂದು ಅರ್ಧ ತೂತು ಸೇರಿಸಿತು. ಇಂಗ್ಲಿಷಿನ ಎಂಟರ ಅಂಕಿಯ ಹಾಗೆ.

ರೆಕ್ಕೆಯ ಒಳಗೆ ತಗಡಿಗೆ ಆಕಾರ ಕೊಡುವ ಪಟ್ಟಿಗಳನ್ನು ಪಕ್ಕೆಲುಬು ಎಂದೇ ಕರೆಯುತ್ತಾರೆ. ತೂತು ಸ್ವಲ್ಪ ದೊಡ್ಡದಾದರೆ ಒಂದು ಅಳತೆ ದಪ್ಪನೆಯ ರಿವಿಟ್ ಹಾಕುವುದುಂಟು. ಆದರೆ ತೂತಿನ ನಡುವಿನಿಂದ ಅಂಚಿಗೆ ರಿವಿಟ್‌ನ ದಪ್ಪದ ಎರಡು ಪಟ್ಟಾದರೂ ಜಾಗ ಉಳಿಯಬೇಕು. ಅವನು ವರ್ನಿಯರ್ ತಂದು ಅಳೆದ. ಸುಮ್ಮನೆ ನಿಂತ. ಮತ್ತೆ ಅಳೆದ. "ಒಂದು ಬೈಗುಳವಾದರೂ ಬೈಯೋ" ಎಂದೆ. ಬೈಯಲಿಲ್ಲ. ಆ ಪಕ್ಕೆಲುಬಿನ ಅಷ್ಟೂ ರಿವಿಟ್‌ಗಳನ್ನು ಒಂದೊಂದಾಗಿ ಕೊರೆದು ತೆಗೆದ. ಎರಡು ಸಂಜೆ ಹಿಡಿಯಿತು. ಬಿಡಿಸಿದ ಪಕ್ಕೆಲುಬನ್ನು ಬೆಂಚಿನ ಕೆಳಗಿದ್ದ ರಟ್ಟಿನ ಪೆಟ್ಟಿಗೆಗೆ ಹಾಕಿ, ಹೊಸದಕ್ಕೆ ಕಂಪ್ಯೂಟರಿನಲ್ಲಿ ಆರ್ಡರ್ ಕಳಿಸಿ, "ಊಟ ಮಾಡೋಣ ನಡೀರಿ ಮಾವ" ಎಂದ.

ಅವನು ಮಲಗಿದ ಮೇಲೆ ನಾನು ಆ ಪೆಟ್ಟಿಗೆಯನ್ನು ಎಳೆದು ನೋಡಿದೆ. ಒಳಗೆ ಇನ್ನೂ ಹದಿನಾಲ್ಕು ತುಂಡುಗಳಿದ್ದವು. ಕೆಲವುದರಲ್ಲಿ ತಪ್ಪೇನೆಂದು ನನ್ನ ಕಣ್ಣಿಗೆ ಕಾಣಲೇ ಇಲ್ಲ. ಪ್ರತಿಯೊಂದರ ಮೇಲೂ ಮಾರ್ಕರಿನಲ್ಲಿ ತಾರೀಖು, ಕಾರಣ ಬರೆದಿದ್ದ. ನನ್ನ ಪಕ್ಕೆಲುಬಿನ ಮೇಲೆ ತಾರೀಖು ಮಾತ್ರ ಇತ್ತು. ಕಾರಣ ಬರೆದಿರಲಿಲ್ಲ.

ಹೊರಡುವಾಗ ಅವನು ನನಗೊಂದು ಡ್ರಿಲ್ಲು ಕೊಡುತ್ತೇನೆಂದ. ಕರೆಂಟಿನದು ಬೇಡವೆಂದೆ. ಅಲ್ಲಿನದು 120 ವೋಲ್ಟ್, ನಮ್ಮದು 230. ಇಲ್ಲಿ ಸಿಕ್ಕಿಸಿದರೆ ಮೊದಲ ನಿಮಿಷದಲ್ಲೇ ಹೊಗೆ. ಗಾಳಿಗೆ ವೋಲ್ಟೇಜಿಲ್ಲವಲ್ಲ ಎಂದು ಹಳೆಯ ಗಾಳಿ ಡ್ರಿಲ್ಲೊಂದನ್ನು ತಂದೆ. ಊರಿನ ಪಂಕ್ಚರ್ ಅಂಗಡಿಯವರು ಉತ್ಸಾಹದಿಂದ ಅದರ ಮೂತಿಗೆ ತಕ್ಕ ಜೋಡಣೆ ಹುಡುಕಿ ಹಾಕಿಕೊಟ್ಟರು. ನಾಲ್ಕು ತೂತು ಕೊರೆಯುವಷ್ಟರಲ್ಲಿ ಅವರ ಟ್ಯಾಂಕಿನ ಗಾಳಿ ಇಳಿದು ಡ್ರಿಲ್ಲು ಮುದುಕನಂತೆ ಕೆಮ್ಮಿತು. ಚಕ್ರಕ್ಕೆ ಬೇಕಾದದ್ದು ಒತ್ತಡ. ಡ್ರಿಲ್ಲಿಗೆ ಒತ್ತಡದ ಜೊತೆಗೆ ಬಿಡುವಿಲ್ಲದ ಹರಿವು. ಕಂಪ್ರೆಸರ್ ಕೊಳ್ಳುವಾಗ ಎಲ್ಲರೂ ಒತ್ತಡದ ಅಂಕಿಯನ್ನೇ ನೋಡುತ್ತಾರೆ. ನೋಡಬೇಕಾದ್ದು ನಿಮಿಷಕ್ಕೆ ಎಷ್ಟು ಗಾಳಿ ಕೊಡುತ್ತದೆ ಎಂಬುದನ್ನು. ಅಂದು ಅಂಗಡಿಯ ಮುಂದೆ ಸೇರಿದ್ದ ಹುಡುಗರಿಗೆ ಬಾಯ್ಲನ ನಿಯಮದ ಒಂದು ಪಾಠವೂ ಆಯಿತು, ಫೀಸಿಲ್ಲದೆ.

ಶಾಲೆಗೆಂದು ಆಮೇಲೆ ತುಮಕೂರಿಗೆ ಹೋಗಿ ಮೂರು ಸಾವಿರದೊಳಗಿನ ಒಂದು ಮಾಮೂಲಿ ಡ್ರಿಲ್ಲು ತಂದೆ. ವೇಗ ಬದಲಿಸುವಂಥದು. ಮೂರು ಅಂಗಡಿಗಳಲ್ಲಿ ಬಿಟ್ಟಿನ ತುದಿ ನೋಡಿ, ನಾಲ್ಕನೆಯದರಲ್ಲಿ ಕೊಂಡೆ. ಅದಕ್ಕೊಂದು ಸ್ಟ್ಯಾಂಡು, ಒಂದು ವೈಸು, ಎರಡು ಅರ, ಹತ್ತು ಕನ್ನಡಕ. ನಮ್ಮ ಕಡೆಯ ಸಂಜೆಯ ವೋಲ್ಟೇಜಿನಲ್ಲಿ ಮೋಟಾರು ನರಳುತ್ತದೆ. ಅದಕ್ಕೇ ಬೆಳಿಗ್ಗೆಯೇ ಕೆಲಸ. ಮಕ್ಕಳಿಗೆ ಮೊದಲ ಒಂದು ತಿಂಗಳು ಡ್ರಿಲ್ಲು ಮುಟ್ಟಿಸಲಿಲ್ಲ. ಹಳೆಯ ತಗಡಿನ ಅಂಚನ್ನು ಅರದಿಂದ ಉಜ್ಜಿ, ಕಣ್ಣು ಮುಚ್ಚಿ ಬೆರಳಾಡಿಸಿದರೆ ಎಲ್ಲೂ ತಡೆಯಬಾರದು, ಅಷ್ಟೇ ಪರೀಕ್ಷೆ. ಅದರಲ್ಲಿ ಮೊದಲು ಪಾಸಾದವಳು ಲೆಕ್ಕದಲ್ಲಿ ಹಿಂದಿದ್ದ ಒಬ್ಬ ಹುಡುಗಿ.

ಅವಳ ತಂದೆ ಒಂದು ದಿನ ಶಾಲೆಗೆ ಬಂದರು. "ಏನ್ ಮೇಷ್ಟ್ರೇ, ಮಗೀಗೆ ಕಬ್ಬಿಣ ಉಜ್ಜೋದು ಕಲಿಸ್ತಿದೀರಂತೆ? ನಾವು ಉಜ್ಜಿದ್ದು ಸಾಲ್ದಾ? ನಾಕಕ್ಷರ ಕಲ್ತು ನೆಳ್ಳಲ್ಲಿ ಕೂತು ಉಣ್ಲಿ ಅಂತಾನೇ ನಾವು ಕಳ್ಸಿರೋದು." ಅವರು ಬೋರ್‌ವೆಲ್ ಪಂಪು ಎತ್ತಿ ಇಳಿಸುವ ಕೆಲಸದವರು, ಕೈ ನೋಡಿದರೇ ಗೊತ್ತಾಗುತ್ತದೆ. ಅವರ ಮಾತನ್ನು ತಳ್ಳಿಹಾಕುವಷ್ಟು ಧೈರ್ಯ ನನಗಿಲ್ಲ. ಅದೇ ಮಾತನ್ನು ನಾನೇ ಒಬ್ಬ ಹುಡುಗನಿಗೆ ಏಟಿನ ಜೊತೆ ಹೇಳಿದ್ದೆ. ನಮ್ಮ ಜಿಲ್ಲೆಯ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರ ಫೆಬ್ರವರಿ 6ರಂದು ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾದದ್ದನ್ನೂ, ಎಸ್ಸೆಸ್ಸೆಲ್ಸಿ ಆದ ಮೇಲೆ ಐ.ಟಿ.ಐ.ನಲ್ಲಿ ಫಿಟರ್ ಎಂಬ ಎರಡು ವರ್ಷದ ಕೋರ್ಸು ಇರುವುದನ್ನೂ ಹೇಳಿದೆ. ಕೆಲಸ ಸಿಕ್ಕೇ ಸಿಗುತ್ತದೆ ಎಂದು ಹೇಳಲಿಲ್ಲ. ಅದು ನನ್ನ ಕೈಯಲ್ಲಿಲ್ಲ. ಅವರು ಮಗಳು ಉಜ್ಜಿದ ತಗಡನ್ನು ಕೈಗೆತ್ತಿಕೊಂಡು, ಕೇಳದೆಯೇ ಅಂಚಿನ ಮೇಲೆ ಹೆಬ್ಬೆರಳು ಎಳೆದರು. ಇನ್ನೊಮ್ಮೆ ಎಳೆದರು. "ಚೆನ್ನಾಗ್ ಉಜ್ಜವ್ಳೆ" ಎಂದು ಅದನ್ನು ಅಲ್ಲೇ ಇಟ್ಟು ಹೋದರು. ಹುಡುಗಿ ಮುಂದಿನ ಶನಿವಾರವೂ ಬಂದಳು.

ಅಕ್ಕನ ಪ್ರಶ್ನೆ ಬಾಕಿ ಇತ್ತಲ್ಲ. ಊರಿಗೆ ಬಂದ ಮಾರನೆಯ ದಿನವೇ ಅವಳು ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಎದುರಿಗೆ ಕೂತಳು. ನಾನು ಸೂಟ್‌ಕೇಸಿನಿಂದ ಆ ಪಕ್ಕೆಲುಬನ್ನು ತೆಗೆದು ಅವಳ ಮಡಿಲಿನಲ್ಲಿಟ್ಟೆ. ಅವನನ್ನು ಕೇಳಿಯೇ ತಂದದ್ದು. ಅವಳು ಮೊರದಲ್ಲಿ ಅಕ್ಕಿ ಆರಿಸುವವಳಂತೆ ಅದನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ತಿರುಗಿಸಿ ನೋಡಿದಳು.

"ಏನಾಗಿದೆಯೋ ಇದಕ್ಕೆ? ಹೊಸದಾಗೇ ಇದೆ."

ನಾನು ತೂತನ್ನು ತೋರಿಸಿದೆ. ಅವಳು ಕನ್ನಡಕ ತಂದು ಹಾಕಿಕೊಂಡು ನೋಡಿದಳು. ಸಾಸಿವೆ ಕಾಳಿನಷ್ಟು ಹೆಚ್ಚು.

"ಇಷ್ಟಕ್ಕೇ ತೆಗೆದು ಹಾಕಿದನಾ?"

"ಹೂಂ. ಕೊರೆದದ್ದು ನಾನು. ಅವನಿಗೆ ಎರಡು ದಿನದ ಕೆಲಸ ಹಾಳಾಯಿತು. ಇಂಥವು ಒಂದು ಪೆಟ್ಟಿಗೆ ಇವೆ ಅಕ್ಕ, ಬೆಂಚಿನ ಕೆಳಗೆ."

ಅವಳು ಬಹಳ ಹೊತ್ತು ಮಾತಾಡಲಿಲ್ಲ. ಕಿರುಬೆರಳಿನ ತುದಿಯನ್ನು ಆ ತೂತಿನ ಮೇಲೆ ಆಡಿಸುತ್ತಿದ್ದಳು. ಆಮೇಲೆ ಪಕ್ಕೆಲುಬನ್ನು ನನಗೆ ವಾಪಸು ಕೊಟ್ಟು, ಏಳುತ್ತಾ ಕೇಳಿದಳು:

"ಯಾವತ್ತು ಹಾರಿಸ್ತಾನಂತೆ?"